ಬಾಗಿನ ತಗೋ, ಸಹಿ ಬೇಡ

ಅವ್ವ,

ಮಾವ ಇವತ್ತು ಗೌರಿ ಬಾಗಿನ ತರುತ್ತಾರೆ. ತಗೋ, ತವರಿನ ಬಾಗಿನ ನಿನ್ನ ಹಕ್ಕು. ಮೊರದ ಕೆಳಗೆ ಕಾಗದ ಇದ್ದರೆ ಮಾತ್ರ ಸಹಿ ಹಾಕಬೇಡ. ಕೇಸು ನಿನ್ನ ಹೆಸರಲ್ಲಿದೆ. ಹೋದ ವರ್ಷ ಹೀಗೇ ಬಾಗಿನ ತಂದಾಗ ನೀನು ಅತ್ತುಕೊಂಡು ‘ಸಾಲ ತೀರಿದೆ’ ಅಂತ ಬರೆದುಕೊಟ್ಟೆ. ಅದು ಸುಳ್ಳು ಅಂತ ಕೋರ್ಟಿಗೆ ತೋರಿಸಲು ನಾನು ಹನ್ನೊಂದು ತಿಂಗಳು ಅಲೆದೆ.

ಅವರು ಸೈಟಿಗೆ ಅಂತ ನಿನ್ನ ಕೈಯಿಂದ ಈಸಿಕೊಂಡದ್ದು ನನ್ನ ಹೊಲಿಗೆಯ ದುಡ್ಡು. ಇನ್ನು ತಿಂಗಳು ತಿಂಗಳು ಅವರ ಸಂಬಳದಲ್ಲೇ ಹಿಡಿಯಬೇಕು ಅಂತ ಆರ್ಡರ್ ಆಗಿದೆ. ಕೋರ್ಟಿನ ಅಮೀನರ ಜೊತೆ ಅದನ್ನು ಮಾವನ ಆಫೀಸಿಗೆ ಕೊಡಲು ಹೊರಟಿದ್ದೇನೆ. ‘ಬಾಯಿಲ್ಲದ ಹುಡುಗಿ ಏನ್ ಮಾಡ್ತಾಳೆ ಬುಡಕ್ಕ’ ಅಂದಿದ್ದರಲ್ಲ. ನಾನು ಮಾತಾಡಲ್ಲ. ರಸೀದಿ ಕೈಗೆ ಬರುವವರೆಗೆ ನಿಂತಿರುತ್ತೇನೆ.

ಮಾವನಿಗೂ ಸೇರಿಸಿ ಅನ್ನ ಮಾಡಿದ್ದೇನೆ, ಹೊಟ್ಟೆ ತುಂಬ ಬಡಿಸು. ಮನೆಯ ಪೆನ್ನು ನನ್ನ ಹತ್ತಿರ ಇದೆ. ಅವರ ಜೇಬಿನದು ಮುಟ್ಟಬೇಡ.

ರತ್ನ