ಅವ್ವನ ಸೂಜಿ

ಸೆಲ್ಲಿ ಓಕ್, ಬರ್ಮಿಂಗ್‌ಹ್ಯಾಮ್
ಫೆಬ್ರುವರಿ 2002

ಪ್ರೀತಿಯ ಗಂಗೂ,

ಫೋನಿನಲ್ಲಿ ಹೇಳಿದರೆ ಮಾತು ತಿರುಗಿಸುತ್ತೀಯೆಂದು ಬರೆಯುತ್ತಿದ್ದೇನೆ. ಓಣಿಯಲ್ಲಿ ದಡಾರ ಎದ್ದಿದ್ದರೂ ಕೂಸಿಗೆ ಲಸಿಕೆ ಹಾಕಿಸದೆ, ನಾನು ಏಪ್ರಿಲ್‌ನಲ್ಲಿ ಫಾರಿನ್ನಿನದು ತರಲಿ ಎಂದು ಕಾಯುತ್ತಿದ್ದೀಯಲ್ಲ.

ನನ್ನ ಪಕ್ಕದ ಮನೆಯ ಲಿಂಡಾ ಪೇಪರಿನಲ್ಲಿ ಏನೇನೋ ಓದಿ, ಇಲ್ಲಿನ ಲಸಿಕೆಯೆಂದರೆ ಹೆದರುತ್ತಾಳೆ. ನಾನು ಊರಿಗೆ ಬರುವುದು ತಿಳಿದು ನಿನ್ನೆ ಮೆಲ್ಲಗೆ ಕೇಳಿದಳು: "ನನ್ನ ಮಗನಿಗೆ ನಿಮ್ಮ ದೇಶದ್ದು ಒಂದು ತಂದುಕೊಡುತ್ತೀಯಾ?" ನನಗೆ ನಗು ಬಂತು. ಆಮೇಲೆ, ನರ್ಸಾಗಿ ಓಣಿಯಲ್ಲಿ ಲಸಿಕೆ ಹಾಕುತ್ತಿದ್ದ ಅವ್ವ ನೆನಪಾದಳು.

"ಇದು ನಮ್ಮ ದೇಶದಾಗ ಮಾಡಿದ್ದೇನ್ರಿ ಸಿಸ್ಟರ್? ಹಂಗಾದ್ರ ಬ್ಯಾಡ್ರಿ" ಎಂದು ಓಣಿಯ ಹೆಂಗಸರು ಹಿಂದೆ ಸರಿಯುತ್ತಿದ್ದರು. ಅವ್ವ ವಾದಿಸುತ್ತಿರಲಿಲ್ಲ. ಎಲ್ಲರೆದುರು ಮೊದಲು ನಮ್ಮಿಬ್ಬರ ತೋಳಿಗೇ ಚುಚ್ಚುತ್ತಿದ್ದಳು. ನಾವು ಅತ್ತರೆ ಅವರು ಎದ್ದುಹೋದಾರೆಂದು ಬಾಯಿಗೆ ಬೆಲ್ಲ ಇಡುತ್ತಿದ್ದಳು. ನೀನು ಬೆಲ್ಲ ಚೀಪುತ್ತಲೇ ಅಳುತ್ತಿದ್ದೆ.

ಲಿಂಡಾಗೆ ಇಲ್ಲಿನದೇ ಹಾಕಿಸು ಎಂದಿದ್ದೇನೆ. ನೀನು ಅಲ್ಲಿನದು ಹಾಕಿಸು. ಕಾಗದ ತಲುಪಿದ ದಿನವೇ ಕೂಸನ್ನೆತ್ತಿಕೊಂಡು, ಓಣಿಯವರು ನೋಡುವಂತೆ ಸರ್ಕಾರಿ ದವಾಖಾನೆಗೆ ನಡೆ. ಒಂದು ಚೂರು ಬೆಲ್ಲ ಸೆರಗಿನಲ್ಲಿ ಕಟ್ಟಿಕೊ. ಕೂಸಿಗಲ್ಲ, ನಿನಗೆ.

ನಿನ್ನ ಜೊತೆ ಚುಚ್ಚಿಸಿಕೊಂಡ ಅಕ್ಕ,
ನೀಲಾ