ಮೂರನೆಯ ಕೈ ಎಲ್ಲಿಂದ ತರಬೇಕು?

ಮಾನ್ಯ ಅಧಿಕಾರಿಗಳೇ,

ನಿಮಗೆ ಎಷ್ಟು ಕೈ? ನಮ್ಮ ಕಡೆ ಎಲ್ಲರಿಗೂ ಎರಡೇ. ನಿಮ್ಮ ಕಚೇರಿ ನಮಗೆ ಕೊಟ್ಟ ಮೇವು ಕತ್ತರಿಸುವ ಯಂತ್ರ ತಿರುಗಬೇಕಾದರೆ ಎಡಗೈಯಲ್ಲೊಂದು, ಬಲಗೈಯಲ್ಲೊಂದು ಹಸಿರು ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು. ಒಂದನ್ನು ಬಿಟ್ಟರೂ ನಿಂತುಹೋಗುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಬ್ಲೇಡಿಗೆ ಬೆರಳು ಸಿಗುವುದಿಲ್ಲ, ನಿಜ. ಹುಲ್ಲೂ ಸಿಗುವುದಿಲ್ಲ. ಪೆಟ್ಟಿಗೆಯಿಂದ ತೆಗೆಯದೆ ಅಟ್ಟಕ್ಕೆ ಏರಿಸಿದ್ದರೆ ಇನ್ನೂ ಸುರಕ್ಷಿತವಾಗಿರುತ್ತಿತ್ತು.

ಇಂಥ ಸುರಕ್ಷಿತ ಯಂತ್ರಕ್ಕೆ ನನ್ನ ಸೊಸೆ ಸುನಂದ ಬಲಗೈಯ ಎರಡು ಬೆರಳು ಕೊಟ್ಟಿದ್ದಾಳೆ. ವಿಚಾರಿಸಲು ಬಂದ ನೀವು ನಮ್ಮ ಜಗಲಿಯ ಮೇಲೆ ನಿಂತು, ಬೀದಿಯವರೆಲ್ಲ ಕೇಳುವಂತೆ, "ಇದು ಬಳಸಿದವರ ಅಜಾಗರೂಕತೆ" ಎಂದು ಹೇಳಿ ಜೀಪು ಹತ್ತಿದಿರಿ. ಆವತ್ತು ಗಾಯದ ಪಟ್ಟಿ ಬದಲಿಸಲು ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ಅವಸರದಲ್ಲಿ ನಾನು ಬಾಯಿ ತೆರೆಯಲಿಲ್ಲ. ಈಗ ತೆರೆಯುತ್ತಿದ್ದೇನೆ. ಓದಿದ್ದು ಮೂರನೇ ಕ್ಲಾಸು, ಕಾಗುಣಿತ ತಪ್ಪಿದರೆ ತಿದ್ದಿಕೊಳ್ಳಿ. ಲೆಕ್ಕ ತಪ್ಪಿಲ್ಲ.

ರಕ್ಷಣೆ ಬೇಡವೆನ್ನುವವಳು ನಾನಲ್ಲ. ಹಳೆಯ ಕೈಚಕ್ರದ ಯಂತ್ರಕ್ಕೆ ಬೆರಳು ಕೊಟ್ಟವರನ್ನು ಕಂಡಿದ್ದೇನೆ. ಸ್ಟ್ಯಾಂಡು ಎತ್ತದ ಹೊರತು ಸ್ಕೂಟರು ಸ್ಟಾರ್ಟ್ ಆಗದಂತೆ ಮಾಡಿದವರ ಹೊಟ್ಟೆ ತಣ್ಣಗಿರಲಿ. ಆದರೆ ಈಗೀಗ ಎಲ್ಲ ವಸ್ತುವೂ ನಮ್ಮನ್ನು ಕಳ್ಳರಂತೆ ನೋಡುತ್ತದೆ. ಮಿಕ್ಸಿಯ ಮುಚ್ಚಳ ಎರಡು ಸಲ ಟಿಕ್ ಅನ್ನದಿದ್ದರೆ ಕಾಯಿ ಅರೆಯುವುದಿಲ್ಲ. ನನ್ನ ಮಾತ್ರೆಯ ಡಬ್ಬಿಯನ್ನು ಮಕ್ಕಳು ತೆರೆಯಬಾರದೆಂದು ಒತ್ತಿ ತಿರುಗಿಸುವ ಮುಚ್ಚಳ ಇಟ್ಟಿದ್ದಾರೆ. ನನ್ನ ಕೈಗೆ ಅದು ಬಗ್ಗುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ತೆರೆದುಕೊಡುವವಳು ಒಂದನೇ ಕ್ಲಾಸಿನ ಮೊಮ್ಮಗಳು ಚಿನ್ನು. ಯಾರಿಂದ ಯಾರನ್ನು ಕಾಪಾಡಿದಿರಿ?

ಯಂತ್ರದ ವಿಷಯಕ್ಕೆ ಬರುತ್ತೇನೆ. ಹಂಚಿದ ದಿನ ಗಾವಡಗೆರೆಯಲ್ಲಿ ಶಾಮಿಯಾನ ಹಾಕಿಸಿದ್ದಿರಿ. ಕಂಪನಿಯ ಕಡೆಯ ಬಸವಪ್ರಸಾದ್ ಎಂಬಾತ ಎರಡೂ ಗುಂಡಿ ಒತ್ತಿ ಬರಿಯ ಯಂತ್ರವನ್ನು ತಿರುಗಿಸಿ ತೋರಿಸಿದ. ಚಪ್ಪಾಳೆ ಬಿತ್ತು. ನಮ್ಮ ಪಕ್ಕದ ಮನೆಯ ಶಿವನಂಜಪ್ಪ ಎದ್ದು, "ಗಾಳಿಯ ಚೆನ್ನಾಗಿ ಕತ್ತರಿಸ್ತದೆ ಕಣ್ರೀ ಸಾಮಿ. ಉಲ್ಲ ಯಾರು ಆಕ್ತಾರೆ?" ಎಂದು ಕೇಳಿದ. ಜನ ನಕ್ಕರು. ಬಸವಪ್ರಸಾದ್ ಜೇಬಿನಿಂದ ಕರವಸ್ತ್ರ ತೆಗೆದು ಒಂದು ಗುಂಡಿಯನ್ನು ಅದುಮಿ ಬಿಗಿದು ಕಟ್ಟಿದ. ಖಾಲಿಯಾದ ಕೈಯಿಂದ ಮುಸುಕಿನ ಜೋಳದ ಕಡ್ಡಿ ಕೊಟ್ಟು ಕತ್ತರಿಸಿ ತೋರಿಸಿದ. ಹೆಂಗಸರ ಕಡೆ ತಿರುಗಿ, "ಮನೇಲೂ ಹಿಂಗೇ ಮಾಡ್ಕಳಿ ಅವ್ವ, ಎಲ್ಲಾ ಕಡೆ ಹಿಂಗೇ ಮಾಡೋದು" ಎಂದ. ಮುಂದಿನ ಸಾಲಿನಲ್ಲಿ ಎಳನೀರು ಕುಡಿಯುತ್ತ ಕೂತವರು ನೀವು. ಆಗ ನಿಮ್ಮ ಬಾಯಿಗೆ ಅಜಾಗರೂಕತೆ ಎಂಬ ಮಾತು ಬರಲಿಲ್ಲವೇ? ಅಥವಾ ಆ ಮಾತು ಇರುವುದು ಸೀರೆ ಉಟ್ಟವರಿಗೆ ಮಾತ್ರವೇ?

ಜೋಳದ ಕಡ್ಡಿ ಗಟ್ಟಿ, ಒಂದು ಕೈಯಲ್ಲಿ ನೂಕಿದರೆ ಹೋಗುತ್ತದೆ. ನಮ್ಮ ಹಸುಗಳು ತಿನ್ನುವುದು ರಾಗಿಹುಲ್ಲು. ಅದು ಉಬ್ಬಿಕೊಂಡು ಬರುತ್ತದೆ. ಒಂದು ಕೈ ಅದುಮಬೇಕು, ಇನ್ನೊಂದು ನೂಕಬೇಕು. ಹಾಗಾಗಿ ಸುನಂದ ಎರಡೂ ಗುಂಡಿಗಳನ್ನು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ದಾರದಲ್ಲಿ ಬಿಗಿದಳು. ಅವಳೊಬ್ಬಳೇ ಅಲ್ಲ. ನೀವು ಈ ಯಂತ್ರ ಕೊಟ್ಟ ಮನೆಗಳಿಗೆ ಹೇಳದೆ ಕೇಳದೆ ಹೋಗಿ ನೋಡಿ, ಎಲ್ಲ ಯಂತ್ರದ ಕೊರಳಿಗೂ ತಾಳಿಯಂತೆ ಆ ದಾರ ಬಿದ್ದಿದೆ.

ಬೆರಳು ಹೋದ ದಿನ ನನ್ನ ಮಗ ಕಾಂತರಾಜ್ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಹತ್ತಿರ ಬೆಂಕಿ ನೋಡಿಕೊಂಡಿದ್ದ. ಹುಲ್ಲು ಹಾಕಲು ಸುನಂದ ಒಬ್ಬಳೇ. ಕೈಗೆ ನೀವೇ ಕೊಟ್ಟ ದಪ್ಪ ಕೈಗವಸು ಹಾಕಿಕೊಂಡಿದ್ದಳು. ಕೈಗವಸಿಲ್ಲದೆ ಬಳಸಬಾರದು ಎಂದು ಯಂತ್ರದ ಮೇಲೆ ಕೆಂಪಕ್ಷರದಲ್ಲಿ ಅಂಟಿಸಿದ್ದೀರಲ್ಲ. ಅದು ಗಂಡಸರ ಅಳತೆಯದು. ಅವಳ ಬೆರಳು ಮುಗಿದ ಮೇಲೂ ಕೈಗವಸು ಒಂದು ಗಣ್ಣು ಮುಂದಕ್ಕೆ ಜೋತಾಡುತ್ತದೆ. ಆ ತುದಿ ಹುಲ್ಲಿನ ಜೊತೆ, ಮೇವನ್ನು ಬ್ಲೇಡಿನ ಕಡೆ ಎಳೆಯುವ ಉರುಳೆಗೆ ಸಿಕ್ಕಿತು. ನಿಲ್ಲಿಸುವ ಕೆಂಪು ಗುಂಡಿಯನ್ನು ಮೋಟಾರಿನ ಆಚೆ ಬದಿಗೆ ಇಟ್ಟಿದ್ದೀರಿ. ಸಿಕ್ಕಿಕೊಂಡವಳಿಗೆ ಎಟುಕಬೇಕಾದರೆ ಅವಳ ಕೈ ಬಿದಿರಿನಷ್ಟು ಉದ್ದ ಇರಬೇಕು. ಸುನಂದ ಕೂಗಲಿಲ್ಲ. "ಅತ್ತೆ" ಎಂದಳು, ಅಷ್ಟೆ. ಕರುವಿನ ಹಗ್ಗ ಬಿಟ್ಟು ಓಡಿದ ನಾನು ವೈರನ್ನೇ ಕಿತ್ತೆಸೆದೆ.

ಈಗ ನೀವೇ ಹೇಳಿ. ಅವಳು ಮೀರಿದ್ದು ನಿಮ್ಮ ಒಂದು ನಿಯಮ, ಪಾಲಿಸಿದ್ದು ಇನ್ನೊಂದು. ಬೆರಳು ಎಳೆದದ್ದು ಅವಳು ಪಾಲಿಸಿದ ನಿಯಮ. ಬರಿಗೈಯಾಗಿದ್ದರೆ ಉರುಳೆ ಇನ್ನೂ ದೂರವಿದ್ದಾಗಲೇ ಹಿಂದಕ್ಕೆ ತೆಗೆಯುತ್ತಿದ್ದಳು. ಇದನ್ನು ಬರೆದವರು ಎಂದಾದರೂ ಒಂದು ಹಸುವಿಗೆ ಒಂದು ಹಿಡಿ ಹುಲ್ಲು ಹಾಕಿದ್ದಾರೆಯೇ?

ಗಾಯ ಮಾಯುತ್ತಿದೆ. ನಿಮ್ಮ ಮಾತು ಮಾಯುತ್ತಿಲ್ಲ. ಸುನಂದ ಡೇರಿಗೆ ಹಾಲು ಹಾಕಲು ಹೋಗುವುದನ್ನು ಬಿಟ್ಟಿದ್ದಾಳೆ. ಅಲ್ಲಿ ಯಾರೋ, "ಅವ್ಳೇ ಗುಂಡಿ ಕಟ್ಟಾಕಿದ್ಲಂತೆ, ಆಪೀಸರೇ ಯೋಳುದ್ರಲ್ಲ" ಎಂದರಂತೆ. ದಾರ ಕಟ್ಟಿಕೊಂಡ ಕೈಗಳೇ ಅಲ್ಲಿ ಕ್ಯಾನು ಹಿಡಿದು ನಿಂತಿರುತ್ತವೆ, ಆದರೂ ಆಡುತ್ತವೆ. ನೆಂಟರು ಬಂದರೆ ಸುನಂದ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಎಡಗೈಯಲ್ಲಿ ನೀರು ಕೊಡುತ್ತಾಳೆ. ಮೊನ್ನೆ ಎಡಗೈಯಲ್ಲಿ ಮುದ್ದೆ ತಿರುವಲು ಹೋಗಿ ಆಗದೆ, ಕೋಲು ಕೆಳಗಿಟ್ಟು ನನ್ನನ್ನು ಕೇಳಿದಳು: "ಅತ್ತೆ, ನಾನೇ ತಪ್ಪು ಮಾಡ್ಬುಟ್ನಾ?"

ಇಲ್ಲ ಕಣವ್ವ ಎಂದೆ. ಅವಳು ನಂಬಲಿಲ್ಲ. ನಾನು ಮನೆಯವಳು, ನೀವು ಜೀಪಿನಲ್ಲಿ ಬಂದವರು. ಬೆರಳಿನ ನೋವಿಗೆ ಹುಣಸೂರಿನ ಡಾಕ್ಟರು ಔಷಧಿ ಕೊಟ್ಟರು. ಇದಕ್ಕೆ ಔಷಧಿ ಇರುವುದು ನಿಮ್ಮ ಬಾಯಲ್ಲಿ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಆ ಎರಡು ಗುಂಡಿಗಳನ್ನು ಕಿತ್ತು, ಒದ್ದರೆ ನಿಲ್ಲುವಂತೆ ಕಾಲ ಬುಡದಲ್ಲಿ ಒಂದು ಪಟ್ಟಿ ಇಡಿಸಿ. ಆ ಕೈಗವಸುಗಳನ್ನು ವಾಪಸು ತೆಗೆದುಕೊಂಡು ಹೋಗಿ. ಪರಿಹಾರದ ಮಾತು ಆಮೇಲೆ ಆಡೋಣ. ಎಲ್ಲಕ್ಕಿಂತ ಮೊದಲು ನಮ್ಮ ಮನೆಗೆ ಬನ್ನಿ. ಅವತ್ತು ನಿಂತ ಜಾಗದಲ್ಲೇ ನಿಂತು, ಅವತ್ತಿನಷ್ಟೇ ಗಟ್ಟಿಯಾಗಿ, ಸುನಂದಳ ಮುಖ ನೋಡಿ, "ತಪ್ಪು ನಿನ್ನದಲ್ಲ ತಾಯಿ" ಎಂದು ಹೇಳಿ. ಬರುವ ದಿನ ಮುಂಚೆಯೇ ತಿಳಿಸಿ. ಬೀದಿಯವರನ್ನೂ ಡೇರಿಯವರನ್ನೂ ಕರೆದು ನಿಲ್ಲಿಸುವ ಕೆಲಸ ನನ್ನದು.

ಇಂತಿ,
ತನ್ನ ಹತ್ತು ಬೆರಳೂ ನೆಟ್ಟಗಿರುವುದಕ್ಕೆ ಸೊಸೆಯ ಮುಂದೆ ನಾಚುವ ಅತ್ತೆ,
ಶಿವರುದ್ರಮ್ಮ
ಗಾವಡಗೆರೆ ಹೋಬಳಿ, ಹುಣಸೂರು ತಾಲ್ಲೂಕು