ಅವರಿಗೇ ಹೇಳಲಿಲ್ಲ

ನಾಗಪುರ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ನೀಲಕ್ಕನಿಗೆ ಇಂದುಮತಿಯ ನಮಸ್ಕಾರ.

ಸಂಜೆ ಆರು ಗಂಟೆ. ಬೆಳಗ್ಗೆ ಇವರ ಅಂಗಿಗಳನ್ನು ಮಡಚಿ ಟ್ರಂಕಿಗೆ ಹಾಕಿದೆ. ಮಧ್ಯಾಹ್ನ ಕನ್ನಡ ಸಂಘದ ಹೆಂಗಸರು ಬಂದರು. "ಊರಾಗ ಇರೋ ಒಬ್ಬ ಕನ್ನಡ ಡಾಕ್ಟರ ಮ್ಯಾಲೆ ದೂರು ಕೊಟ್ರ ಹೆಂಗ್ರಿ?" ಎಂದು ಬಹಳ ಹೊತ್ತು ಕೂತರು. ನೀವು ಕಳಿಸಿದ ಸಜ್ಜಕದ ಡಬ್ಬಿ ಅವರೇ ತಂದುಕೊಟ್ಟರು. ನಿಮ್ಮ ಡಾಕ್ಟರ್ ಯಜಮಾನರ ಮೇಲೆ ನನಗೇಕೆ ಇಷ್ಟು ಸಿಟ್ಟು ಎಂದೂ ಕೇಳಿ ಕಳಿಸಿದ್ದೀರಿ. ಬರೆಯುತ್ತೇನೆ.

ಜನವರಿ ಮೊದಲ ವಾರ ಇವರ ಹೊಟ್ಟೆಯ ಸ್ಕ್ಯಾನ್ ವರದಿ ನೇರವಾಗಿ ಡಾಕ್ಟರ ಫೋನಿಗೆ ಬಂತು. ಇವರು ಖಾಪರಖೇಡಾದ ವಿದ್ಯುತ್ ಸ್ಥಾವರದಿಂದ ಡ್ಯೂಟಿ ಮುಗಿಸಿ ಬಂದವರು, ಬೂಟನ್ನೂ ಬಿಚ್ಚದೆ ನನ್ನನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೊರಟರು. "ಡಾಕ್ಟರ್ರ, ಖರೇ ಹೇಳ್ರಿ, ನನಗೇನಾಗೇತಿ?" ಎಂದು ಕೇಳಿದರು. ಡಾಕ್ಟರು ನಕ್ಕರು. "ಏನಿಲ್ಲೋ ಶ್ರೀಕಾಂತ, ಲಿವರ್ ಸ್ವಲ್ಪ ಬಾತೇತಿ. ಆ ಖಾರದ ಸಾವಜಿ ಮಟನ್ ರಸ್ಸಾ ಬಿಡು, ಜಲ್ದಿ ಬರೋಬರ್ ಆಗ್ತಿ."

ಕ್ಯಾನ್ಸರ್ ಎಂಬ ಮಾತನ್ನು ಅಷ್ಟರಲ್ಲಾಗಲೇ ಅವರು ಹೇಳಿಯಾಗಿತ್ತು, ಇಲ್ಲೇ ನಾಗಪುರದ ವಾಡಿಯಲ್ಲಿರುವ ಇವರಣ್ಣ ಯಲ್ಲಪ್ಪ ಭಾವನಿಗೆ. "ಅವಂಗ ಹೇಳಬ್ಯಾಡ್ರಿ, ಧೈರ್ಯ ಕಳಕೊಂತಾನ" ಎಂದರಂತೆ ಭಾವ. ಹೂಂ ಎಂದರಂತೆ ಡಾಕ್ಟರು. ಇದು ನನಗೆ ತಿಳಿದದ್ದು ಇವರು ತೀರಿಕೊಂಡ ಹದಿಮೂರನೇ ದಿನ, ಭಾವನ ಬಾಯಿಂದಲೇ.

ಇವರು ಇರುವವರೆಗೂ ನಾನು ಇವರ ತಟ್ಟೆಗೆ ಸಪ್ಪೆ ಬೇಳೆ ಬಡಿಸಿದೆ. ಕೊನೆಯ ವಾರ "ಇಂದೂ, ಇತವಾರಿ ಪ್ಯಾಟಿಯಿಂದ ಒಂದ್ ವಾಟಗಾ ರಸ್ಸಾ ತರಸ" ಎಂದು ಕೇಳಿದರು. ಆರಾಮಾದ ಮೇಲೆ ಎಂದು ಗದರಿದೆ. ದೀಪಾವಳಿಗೆ ಗದಗಿಗೆ ಹೋಗಿ ತಂಗಿಯ ಜೊತೆ ಮಾತು ಬಿಟ್ಟದ್ದನ್ನು ಸರಿಮಾಡಿ ಬರುತ್ತೇನೆ ಎನ್ನುತ್ತಿದ್ದರು. ಗೊತ್ತಿದ್ದರೆ ಮರುದಿನವೇ ರೈಲು ಹತ್ತುತ್ತಿದ್ದರು.

ಕ್ಲಿನಿಕ್ಕಿಗೆ ಹೋಗಿ ಡಾಕ್ಟರನ್ನೇ ಕೇಳಿದೆ. "ನಾ ಫ್ಯಾಮಿಲಿ ಡಾಕ್ಟರು, ವೈನಿ. ಫ್ಯಾಮಿಲಿಗೇ ಹೇಳೇನಲ್ಲ? ರೂಲು ಗೀಲು ಎಲ್ಲಾ ದೊಡ್ಡ ಆಸ್ಪತ್ರಿ ಮಂದಿಗೆ. ನಮ್ಮ ನಮ್ಮೊಳಗ ಎಂಥಾ ಕಾಯ್ದೆ?" ಎಂದರು. ಹಾಗಾದರೆ ಆ ಫ್ಯಾಮಿಲಿಯಲ್ಲಿ ಇವರು ಯಾರು? ನಾನು ಯಾರು?

ನಾನು ಮೆಟ್ರಿಕ್ ಓದಿದವಳು. ಕಾಯ್ದೆಯನ್ನು ಮಗಳು ಶರ್ವಾಣಿ ಹುಡುಕಿ ಓದಿ ಹೇಳಿದಳು. ದೊಡ್ಡ ರೋಗವನ್ನು ಚಿಕ್ಕದು ಮಾಡಿ ಹೇಳುವಂತಿಲ್ಲ. ರೋಗಿಯ ಗುಟ್ಟನ್ನು ಅವನನ್ನು ಕೇಳದೆ ಇನ್ನೊಬ್ಬರಿಗೆ ಕೊಡುವಂತಿಲ್ಲ. ಬೋರ್ಡು ಹಾಕಿಕೊಂಡು ಕೂತವರು ಇಷ್ಟನ್ನೂ ತಿಳಿಯಬೇಡವೇ? ಈ ಊರಲ್ಲಿ ಅಷ್ಟು ಡಾಕ್ಟರುಗಳನ್ನು ಬಿಟ್ಟು ನಾವು ಅವರ ಹತ್ತಿರ ಹೋದದ್ದು ನಮ್ಮ ಮಾತಿನಲ್ಲಿ ನಿಜ ಕೇಳುವುದಕ್ಕೆ. ಸುಳ್ಳನ್ನು ಮರಾಠಿಯಲ್ಲೂ ಕೇಳಬಹುದಿತ್ತು.

ರಾಜ್ಯ ವೈದ್ಯಕೀಯ ಮಂಡಳಿಗೆ ದೂರು ಬರೆದು ಸಹಿ ಹಾಕಿದ್ದೇನೆ. ಕ್ಲಿನಿಕ್ ಮುಚ್ಚಿಸಿದರೆ ನಿಮ್ಮ ಮನೆಗೂ ಕಷ್ಟ. ಅದು ಗೊತ್ತಿದ್ದೇ ಬರೆದಿದ್ದೇನೆ.

ಇಂತಿ,
ಇಂದುಮತಿ

ತಾ.ಕ.: ಸಂಕ್ರಾಂತಿಗೆ ಕುಸರೆಳ್ಳು ಕೊಡುವಾಗ ನೀವು ನನ್ನ ಕೈ ಹಿಡಿದು ಅತ್ತಿರಿ. ತೀರಿಕೊಂಡ ತಾಯಿ ನೆನಪಾದರೇನೋ ಎಂದು ನಾನೇ ನಿಮಗೆ ಸಮಾಧಾನ ಹೇಳಿದೆ. ಡಾಕ್ಟರು ಭಾವನಿಗೆ ಸುದ್ದಿ ಹೇಳುವಾಗ ನೀವು ಚಹಾ ತಂದುಕೊಟ್ಟು ಅಲ್ಲೇ ಕೂತಿದ್ದಿರಂತೆ. ದೂರಿನಲ್ಲಿ ನಿಮ್ಮ ಹೆಸರು ಬರೆದಿಲ್ಲ. ಡಬ್ಬಿಯನ್ನು ತೆರೆಯದೆ ಈ ಪತ್ರದ ಜೊತೆ ಶರ್ವಾಣಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ದೂರಿನ ಲಕೋಟೆ ನನ್ನ ಹತ್ತಿರವೇ ಇದೆ; ನಾಳೆ ಸೋಮವಾರ, ಅಂಚೆ ಕಚೇರಿ ಹತ್ತಕ್ಕೆ ತೆರೆಯುತ್ತದೆ.